ಮೀನು ಕೆರೆಯದ್ದು, ನಾತ ಯಾರದ್ದು?

ತಣಿಸಂದ್ರದವರಿಗೆ ಕೆರೆ ಹತ್ತಿರ, ಐಸು ದೂರ.

ರಾಚೇನಹಳ್ಳಿ ಕೆರೆ ಮಗ್ಗುಲಲ್ಲೇ ಇದೆ, ಜಕ್ಕೂರು ಕೆರೆ ಅದರಾಚೆ. ಆದರೂ ಭಾನುವಾರ ಚೀಲ ಹಿಡಿದು ಹೊರಟವರು "ಕೆರೆ ಮೀನಾ? ವಾಸನೆ ಕಣ್ರೀ" ಅಂತ ಮೂಗು ಮುರೀತಾರೆ. ಸುಮಾರು 350 ಕಿಲೋಮೀಟರ್ ದೂರದಿಂದ ಘಟ್ಟ ಹತ್ತಿ ಬಂದ ಮಂಗಳೂರಿನ ಬಂಗುಡೆ ಗಟ್ಟಿಯಾಗಿರುತ್ತೆ. ಬೆಳಿಗ್ಗೆ ಬಲೆಗೆ ಬಿದ್ದ ಕಟ್ಲಾ ಮಧ್ಯಾಹ್ನಕ್ಕೇ ಮೆತ್ತಗಾಗಿರುತ್ತೆ. ಇದೆಂಥ ನ್ಯಾಯ ಸ್ವಾಮಿ?

ಕಾರಣ ಸರಳ. ಬಂಗುಡೆ ಬಂದರಿನಲ್ಲೇ ಐಸಿನ ಪೆಟ್ಟಿಗೆ ಸೇರಿರುತ್ತೆ. ಕಟ್ಲಾ ಟಾರ್ಪಾಲಿನ ಮೇಲೆ ಬಿಸಿಲು ಕಾಯಿಸಿಕೊಂಡು ಗಿರಾಕಿಗೆ ಕಾದಿರುತ್ತೆ. ಮಾರುವವರು ಆಗಾಗ ನೀರು ಚಿಮುಕಿಸುತ್ತಾರೆ. ಅದರಿಂದ ಹೊಳಪು ಬರುತ್ತೆ, ಬಾಳಿಕೆ ಬರೋದಿಲ್ಲ.

ಮೀನಿನ ಜೀವ ಹೋದ ಗಳಿಗೆಯಿಂದ ಹೊಟ್ಟೆಯೊಳಗಿನ ಜೀರ್ಣರಸ ಅದರ ಮಾಂಸವನ್ನೇ ಕರಗಿಸೋಕೆ ಶುರು ಮಾಡುತ್ತೆ. ಕಿವಿರು, ಕರುಳು, ಲೋಳೆಯಲ್ಲಿದ್ದ ಬ್ಯಾಕ್ಟೀರಿಯಾ ಕೈ ಜೋಡಿಸುತ್ತೆ. 30 ಡಿಗ್ರಿ ಸೆಕೆಯಲ್ಲಿ ಕೆಡೋದಕ್ಕೆ ಅರ್ಧ ದಿನ ಸಾಕು. ಸೊನ್ನೆ ಡಿಗ್ರಿಯ ಐಸಿನಲ್ಲಿ ಅದೇ ಮೀನು ವಾರಕ್ಕೂ ಮಿಕ್ಕಿ ತಡೆಯುತ್ತೆ.

ಮಾಡೋದು ಬ್ರಹ್ಮವಿದ್ಯೆಯೇನಲ್ಲ. ಬಲೆಯಿಂದ ಬಿಡಿಸಿದ ಕೂಡಲೇ ನೆರಳಿಗೆ ಹಾಕಬೇಕು. ಕೆರೆ ನೀರು ಬಿಟ್ಟು ಕುಡಿಯೋ ನೀರಲ್ಲಿ ತೊಳೀಬೇಕು. ದೊಡ್ಡ ಮೀನಾದರೆ ಕಿವಿರು, ಕರುಳು ತೆಗೀಬೇಕು. ತೂತಿರೋ ಪ್ಲಾಸ್ಟಿಕ್ ಕ್ರೇಟಿನಲ್ಲಿ ಒಂದು ಪದರ ಪುಡಿ ಐಸು, ಒಂದು ಪದರ ಮೀನು, ಮೇಲೆ ಮತ್ತೆ ಐಸು. ನಮ್ಮ ಸೆಕೆಗೆ ಕಿಲೋ ಮೀನಿಗೆ ಕಿಲೋ ಐಸು ಬೇಕು. ಕರಗಿದ ನೀರು ರಕ್ತ, ಲೋಳೆ ತೊಳೆದುಕೊಂಡು ಕೆಳಗೆ ಹರಿದು ಹೋಗಬೇಕು.

ಹಾಗಾದರೆ ಮಾರುವವರು ಯಾಕೆ ಮಾಡೋಲ್ಲ? ಐಸಿಗೆ ದುಡ್ಡು ಬೇಕು, ಪೆಟ್ಟಿಗೆಗೆ ದುಡ್ಡು ಬೇಕು, ನಲ್ಲಿ ಎಲ್ಲಿದೆ? ಸಂಜೆ ಉಳಿದದ್ದನ್ನು ಸಿಕ್ಕ ಬೆಲೆಗೆ ಕೊಟ್ಟು ಎದ್ದು ಹೋಗ್ತಾರೆ. ನಷ್ಟ ಬುಟ್ಟಿ ಹೊತ್ತವರದ್ದು, ಹೊಟ್ಟೆನೋವು ಕೊಂಡವರದ್ದು. ಈ ಕೊರತೆಯಲ್ಲೇ ಕಳ್ಳದಾರಿ ಹುಟ್ಟೋದು. 2018ರಲ್ಲಿ ಕೇರಳದಲ್ಲಿ ಹೆಣ ಕೆಡದಂತೆ ಬಳಸೋ ಫಾರ್ಮಲಿನ್ ಹಾಕಿದ ಮೀನು ಸಿಕ್ಕಿಬಿದ್ದದ್ದು ಊರಿಗೆಲ್ಲ ಗೊತ್ತು.

ನಗರದ ಕೆರೆಗಳ ಮೀನು ಹಿಡಿಯೋ ಹಕ್ಕನ್ನು ಮೀನುಗಾರಿಕೆ ಇಲಾಖೆ ಟೆಂಡರ್ ಮೂಲಕ ಕೊಡುತ್ತೆ. 2020ರಲ್ಲಿ ಆರಂಭವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಐಸ್ ಪೆಟ್ಟಿಗೆ ಕಟ್ಟಿದ ಸೈಕಲ್ಲು, ಮೋಟಾರ್ ಸೈಕಲ್ಲಿಗೆ ಸಾಮಾನ್ಯರಿಗೆ ಶೇಕಡಾ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇಕಡಾ 60 ಸಹಾಯಧನ ಅಂತ ಬರೆದರು. ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಪಕ್ಕದ ಹೆಬ್ಬಾಳದಲ್ಲೇ ಇದೆ. ಹಣ, ಕಾಗದ, ವಿದ್ಯೆ ಮೂರೂ ಇದ್ದ ಮೇಲೆ ದಡದಲ್ಲೊಂದು ಚಪ್ಪರ, ಒಂದು ನಲ್ಲಿ, ಬಲೆ ಎಳೆಯೋ ದಿನ ನಾಲ್ಕು ಪೆಟ್ಟಿಗೆ ಐಸು ಕಡ್ಡಾಯ ಅಂತ ಟೆಂಡರ್ ಷರತ್ತಿನಲ್ಲೇ ಸೇರಿಸೋಕೆ ಏನು ಕಷ್ಟ?

ಒಂದು ಮಾತು ಒಪ್ಪಬೇಕು. ಕೊಳಚೆ ಸೇರಿದ ನೀರಿನ ದೋಷವನ್ನು ಐಸು ತೆಗೆಯೋಲ್ಲ. 2016ರಲ್ಲಿ ಹಲಸೂರು ಕೆರೆಯಲ್ಲಿ ಮೀನು ರಾಶಿ ರಾಶಿಯಾಗಿ ಸತ್ತು ತೇಲಿದವು. ತೇಲಿದ ಮೀನು ಮಾರುಕಟ್ಟೆಗೆ ಬರಲೇಬಾರದು.

ಅಲ್ಲಿಯ ತನಕ ಕೊಳ್ಳುವವರು ಕಿವಿರು ಎತ್ತಿ ನೋಡಲಿ, ಕೆಂಪಗಿರಬೇಕು. ಕಣ್ಣು ಉಬ್ಬಿ ಹೊಳೀಬೇಕು. ಬೆರಳಿಂದ ಒತ್ತಿದ ಗುಳಿ ತಕ್ಷಣ ಮೇಲೇಳಬೇಕು. ಹಾಗೇ ಐಸಲ್ಲಿಟ್ಟು ಮಾರುವವರ ಹತ್ತಿರ ಚೌಕಾಸಿ ಸ್ವಲ್ಪ ಕಮ್ಮಿ ಮಾಡಿ. ಐಸಿನ ಕಾಸು ಅವರ ಜೇಬಿಂದಲೇ ಹೋಗಿರುತ್ತೆ.