ಸ್ಕ್ರೀನ್‌ಶಾಟ್ ಬೇಡ, ಫೆನ್ ಕಳಿಸಿ

ನಮ್ಮ ಬ್ಯಾಚಿನಲ್ಲಿ ಈಗ ಚೆಸ್ ಆಡುವವರಿಗಿಂತ ಚೆಸ್ ಎಂಜಿನ್ ಬರೆಯುವವರೇ ಜಾಸ್ತಿಯೇನೋ! ಸಂತೋಷ. ಆದರೆ ಬರೆದದ್ದನ್ನು ಟೆಸ್ಟ್ ಮಾಡುವ ರೀತಿ ಮಾತ್ರ ನಮಗೆ ಒಪ್ಪಿಗೆಯಿಲ್ಲ. ಯಾವುದೋ ಪೊಸಿಷನ್ನಿನ ಸ್ಕ್ರೀನ್‌ಶಾಟ್ ವಾಟ್ಸಾಪ್ ಗ್ರೂಪಿಗೆ ಹಾಕಿ, 'ನಿಮ್ಮ ಎಂಜಿನ್ ಇದನ್ನ ಬಿಡಿಸುತ್ತಾ?' ಅಂತ ಕೇಳೋದು. ಮೂರು ದಿನ ಆದಮೇಲೆ ಅದು ಮೀಮ್‌ಗಳ ಕೆಳಗೆ ಎಲ್ಲೋ ಹೂತುಹೋಗಿರುತ್ತೆ.

ಒಂದು ಉದಾಹರಣೆ ನೋಡಿ. ಬಿಳಿ ರಾಜ ಡಿ5, ಬಿಳಿ ಪೇದೆ ಇ4. ಕಪ್ಪು ರಾಜ ಎಫ್4, ಕಪ್ಪು ಪೇದೆ ಇ5. ಬೋರ್ಡಿನ ಮೇಲೆ ಇರೋದು ಇಷ್ಟೇ. ಇಲ್ಲಿ ಯಾರ ಸರದಿಯೋ ಅವರೇ ಸೋಲ್ತಾರೆ, ಯಾಕಂದ್ರೆ ರಾಜ ಕದಲಿದ ಕೂಡಲೇ ಅವನ ಪೇದೆಗೆ ಕಾವಲು ತಪ್ಪುತ್ತೆ. ಚಿತ್ರ ಒಂದೇ, ಫಲಿತಾಂಶ ಎರಡು. ಸರದಿ ಯಾರದು ಅಂತ ಸ್ಕ್ರೀನ್‌ಶಾಟ್ ಹೇಳುತ್ತಾ? ಕ್ಯಾಸ್ಲಿಂಗ್ ಹಕ್ಕು ಉಳಿದಿದೆಯಾ ಅನ್ನೋದೂ ಅದರಲ್ಲಿ ಕಾಣಲ್ಲ. ಫೆನ್‌ನಲ್ಲಿ ಇದೆಲ್ಲಾ ಒಂದೇ ಸಾಲಿನಲ್ಲಿ ಇರುತ್ತೆ. 19ನೇ ಶತಮಾನದ ಸ್ಕಾಟಿಷ್ ಪತ್ರಕರ್ತ ಡೇವಿಡ್ ಫೋರ್ಸೈತ್ ರೂಪಿಸಿದ ಬರವಣಿಗೆ ಅದು. ಕಂಪ್ಯೂಟರಿಗೆ ಹೊಂದುವಂತೆ ವಿಸ್ತರಿಸಿದ್ದು ಸ್ಟೀವನ್ ಎಡ್ವರ್ಡ್ಸ್. ಇಪಿಡಿ ಇನ್ನೂ ಅನುಕೂಲ: ಪೊಸಿಷನ್ ಜೊತೆಗೆ ಸರಿಯಾದ ನಡೆ, ಆಡಬಾರದ ನಡೆ, ಒಂದು ಹೆಸರು ಎಲ್ಲವನ್ನೂ ಅದೇ ಸಾಲಿನಲ್ಲಿ ಸೇರಿಸಬಹುದು. ಸಣ್ಣ ಸ್ಕ್ರಿಪ್ಟ್ ಬರೆದರೆ ಇಡೀ ಫೈಲನ್ನು ಎಂಜಿನ್‌ಗೆ ಕೊಟ್ಟು ತಾನೇ ಮಾರ್ಕ್ಸ್ ಹಾಕುತ್ತೆ.

ಮೇಲಿನ ನಾಲ್ಕು ಕಾಯಿಯ ಪೊಸಿಷನ್ ಇನ್ನೊಂದಕ್ಕೂ ಉಪಯೋಗ. ವೇಗ ಬೇಕು ಅಂತ ನಾವೆಲ್ಲ ನಲ್ ಮೂವ್ ಸೇರಿಸ್ತೀವಿ. 'ನನ್ನ ಸರದಿ ಬಿಟ್ಟುಕೊಟ್ಟರೂ ನಾನೇ ಮೇಲುಗೈ' ಅಂತ ಕಂಡರೆ ಎಂಜಿನ್ ಆ ಕೊಂಬೆಯನ್ನು ಅಲ್ಲೇ ಕತ್ತರಿಸುತ್ತೆ. ಆದರೆ ಇಲ್ಲಿ ಸರದಿ ಬಿಟ್ಟುಕೊಡೋದೇ ಲಾಭ! ರಾಜ, ಪೇದೆ ಮಾತ್ರ ಉಳಿದಾಗ ನಲ್ ಮೂವ್ ನಿಲ್ಲಿಸದ ಎಂಜಿನ್ ಇಂಥ ಕಡೆ ಮೋಸ ಹೋಗುತ್ತೆ. ಪೊಸಿಷನ್ ಟೆಸ್ಟ್‌ನ ನಿಜವಾದ ಬೆಲೆ ಇರೋದು ಹೀಗೆ ಬಗ್ ಹಿಡಿಯೋದರಲ್ಲಿ.

ಶಕ್ತಿ ಅಳೆಯೋದರಲ್ಲಿ ಅಲ್ಲ. ಫ್ರೆಡ್ ರೈನ್‌ಫೆಲ್ಡ್ ಅವರ 'ವಿನ್ ಅಟ್ ಚೆಸ್' ಪುಸ್ತಕದ 300 ಪೊಸಿಷನ್‌ಗಳನ್ನು ಎಂಜಿನ್ ಬರೆಯುವವರು ಬಹಳ ಕಾಲದಿಂದ ಬಳಸ್ತಾ ಬಂದಿದ್ದಾರೆ. ಅದರಲ್ಲಿ ಇಷ್ಟು ಬಿಡಿಸಿತು ಅಂತ ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಳ್ಳೋದು ನಮಗೆ ಸರಿ ಕಾಣಲ್ಲ. ಅವೆಲ್ಲಾ ಹೊಡೆತ ಇರುವ ಪೊಸಿಷನ್‌ಗಳು. ಮಾಮೂಲಿ ಆಟದಲ್ಲಿ ಎಷ್ಟೋ ನಡೆಗಳಲ್ಲಿ ಯಾವ ಹೊಡೆತವೂ ಇರಲ್ಲ. ಸ್ಟಾಕ್‌ಫಿಶ್‌ನವರು ಒಂದು ಬದಲಾವಣೆ ಒಪ್ಪಬೇಕಾದರೆ ಹಳೆ ಆವೃತ್ತಿಯ ವಿರುದ್ಧ ಸಾವಿರಾರು ಗೇಮ್ ಆಡಿಸಿ ನೋಡ್ತಾರೆ. ನಮ್ಮ ಲ್ಯಾಪ್‌ಟಾಪಿಗೆ ಸಾವಿರಾರು ಆಗದಿದ್ದರೂ ರಾತ್ರಿಯಿಡೀ ಓಡಿಸಿದರೆ ಒಂದಷ್ಟು ಗೇಮ್ ಆದಾವು.

ಆ ಗೇಮ್‌ಗಳಲ್ಲಿ ನಿಮ್ಮ ಎಂಜಿನ್ ಎಡವಿದ ಪೊಸಿಷನ್‌ಗಳೇ ಗ್ರೂಪಿಗೆ ಬೇಕಾದವು. ಗೆಲ್ಲುವ ಎರಡನೇ ನಡೆ ಇದೆಯಾ ಅಂತ ಸ್ಟಾಕ್‌ಫಿಶ್‌ನಲ್ಲಿ ನೋಡಿ, ಇದ್ದರೆ ಅದನ್ನೂ ಉತ್ತರಕ್ಕೆ ಸೇರಿಸಿ, ಎಷ್ಟು ಸೆಕೆಂಡ್ ಕೊಟ್ಟಿದ್ದಿರಿ ಅಂತ ಬರೆದು ಕಳಿಸಿ. ಫೈಲ್ ನಾವು ಇಟ್ಟುಕೊಳ್ತೀವಿ.