ಮನೆ ನೋಡಿ ಒಪ್ಪುವ ಏಡಿ

ಹುಡುಗಿ ಕೊಡುವ ಮುಂಚೆ ಗಂಡಿನ ಮನೆ ನೋಡಿ ಬರ್ತೀವಲ್ಲವೇ, ಸೋದರಿಯರೇ? ಕ್ಯಾಲಿಫೋರ್ನಿಯ ಕರಾವಳಿಯ ಫಿಡ್ಲರ್ ಏಡಿಗೂ ಅದೇ ಪದ್ಧತಿ!

ಗಂಡೇಡಿಯ ಒಂದು ಕೈ ಭಾರೀ ಇಕ್ಕಳ. ಉಣ್ಣಲು ಅದು ಬಾರದು; ಚಿಕ್ಕ ಕೈಯೊಂದೇ ಗತಿ. ದೊಡ್ಡ ಕೈಯನ್ನು ಬೀಸಿ ಬೀಸಿ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಅಷ್ಟಕ್ಕೇ ಮರುಳಾಗದು. ಬಿಲದೊಳಗೆ ಇಳಿದು ನೋಡುತ್ತದೆ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಹೆಣ್ಣೇಡಿ 106 ಬಿಲ ಸುತ್ತಿತ್ತಂತೆ!

ಯಾಕಂತೀರಾ? ಮೊಟ್ಟೆ ಬಲಿಯುವುದು ಅದೇ ಬಿಲದಲ್ಲಿ. ಬಿಲ ತೀರಾ ಅಗಲವಾದರೆ ಮರಿಗಳು ಬೇಗ, ಇಕ್ಕಟ್ಟಾದರೆ ತಡ. ಎರಡರಲ್ಲೂ, ಅವನ್ನು ಕಡಲಿಗೊಯ್ಯುವ ರಾತ್ರಿಯ ದೊಡ್ಡ ಉಬ್ಬರವಿಳಿತ ತಪ್ಪಿಹೋಗಬಹುದು. ಆಮೇಲೆ ಮರಿಗಳು ಬದುಕುವುದು ಕಷ್ಟ.

ತಾಯಿಗೆ ಬೇಕಾದದ್ದು ದೊಡ್ಡ ಮನೆಯಲ್ಲ, ಮಕ್ಕಳಿಗೆ ಹದವಾದ ಮನೆ. ಏನಂತೀರಿ?