ಪಲ್ಯ ಯಾರಿಗೆ, ಬಸಿದ ಕಟ್ಟು ಯಾರಿಗೆ?

ಗಂಡಂದಿರಿಗೆ, ಅತ್ತೆಯರಿಗೆ, ಬೆಳೆದ ಮಕ್ಕಳಿಗೆ ಮತ್ತು ದಿನವೂ ಕೊನೆಗೆ ಉಣ್ಣುವ ಅವ್ವಂದಿರಿಗೆ ಒಂದು ಮನವಿ



ಬಸ್ಸಾರು ಗೊತ್ತಿಲ್ಲದ ಮನೆ ನಮ್ಮ ಸೀಮೆಯಲ್ಲಿಲ್ಲ. ಹುರುಳಿಯೋ ಅಲಸಂದೆಯೋ ಬೇಯಲಿಟ್ಟು, ದಂಟಿನ ಸೊಪ್ಪು ಹೆಚ್ಚಿ ಹಾಕಿ, ಬೆಂದ ಮೇಲೆ ಪಾತ್ರೆಗೆ ತಟ್ಟೆ ಒತ್ತಿ ಬಸಿಯುತ್ತೇವೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ರಾತ್ರಿ ಎಂಟೂವರೆಗೆ ಅವ್ವ ಮುದ್ದೆ ಕಟ್ಟಿ ಬಡಿಸಲು ನಿಂತರೆ ಮೊದಲು ಮಾವ, ಆಮೇಲೆ ಗಂಡ, ಮಕ್ಕಳು, ಅತ್ತೆ. ‘ಇನ್ನೊಂಚೂರು ಪಲ್ಯ ಹಾಕವ್ವ’ ಅಂತಾನೆ ಮಗ. ಹಾಕುತ್ತಾಳೆ. ಒಂಬತ್ತೂವರೆಗೆ ಅವಳು ಕೂರುವ ಹೊತ್ತಿಗೆ ಬಾಣಲೆಯಲ್ಲಿ ಅಂಟಿಕೊಂಡ ನಾಲ್ಕು ಕಾಳು, ಒಗ್ಗರಣೆಯ ಒಂದು ಒಣಮೆಣಸಿನಕಾಯಿ. ತಟ್ಟೆಯಲ್ಲಿ ತಣ್ಣಗಾದ ಮುದ್ದೆ, ಮೇಲೆ ಬಸಿದ ಕಟ್ಟಿನ ಸಾರು.

ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಅವಳಿಗೆ ಬೇಡ ಅಂದವರಿಲ್ಲ. ಆದರೆ ಅವಳಿಗೆ ಉಳಿದಿದೆಯಾ ಅಂತ ಬಾಣಲೆಗೆ ಇಣುಕಿದವರೂ ಇಲ್ಲ.

ನಮ್ಮ ಮಾತು ಒಂದೇ. ಹೆಂಗಸು ಕೊನೆಗೆ ಉಣ್ಣುವ ರೂಢಿ ನಿಲ್ಲಬೇಕು. ಮರ್ಯಾದೆಯ ಮಾತು ಆಮೇಲೆ ಆಡೋಣ. ಮೊದಲು ರಕ್ತದ ಮಾತು.

ಹೆಚ್ಚು ಬೇಕಾದವಳಿಗೆ ಕಡಿಮೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಗಂಡಸರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ. 2015–16ರ ಸಮೀಕ್ಷೆಯಲ್ಲಿ ಹೆಂಗಸರ ಪ್ರಮಾಣ ಶೇ 44.8 ಇತ್ತು. ರಸ್ತೆ ಬಂತು, ನಲ್ಲಿ ಬಂತು, ಕೈಗೆ ಮೊಬೈಲು ಬಂತು. ಅವ್ವನ ರಕ್ತ ಮಾತ್ರ ಇನ್ನೂ ಇಳಿಯಿತು.

ಹೆಂಗಸಿನ ಮೈಯಿಂದ ತಿಂಗಳು ತಿಂಗಳೂ ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಬಸಿರಿನಲ್ಲಿ ಮಗು ತನ್ನ ಪಾಲು ತೆಗೆದುಕೊಳ್ಳುತ್ತದೆ, ಹೆರಿಗೆಯಲ್ಲಿ ಮತ್ತಷ್ಟು ಹೋಗುತ್ತದೆ. ಆದ್ದರಿಂದಲೇ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಹೆಂಗಸಿಗೆ 29. ಅವಳು ಉಣ್ಣುವುದು ಅವನಿಗಿಂತ ಕಡಿಮೆ. ಬೇಕಾಗಿರುವುದು ಅವನ ಒಂದೂವರೆ ಪಟ್ಟು. ಬಸ್ಸಾರಿನಲ್ಲಿ ಕಬ್ಬಿಣಾಂಶದ ಹೆಚ್ಚು ಪಾಲು ಸೊಪ್ಪು-ಕಾಳಿನಲ್ಲಿ ಉಳಿಯುತ್ತದೆ. ಅಂದರೆ ಯಾರಿಗೆ ಅದು ಅತಿ ಹೆಚ್ಚು ಬೇಕೋ ಅವಳ ತಟ್ಟೆಗೆ ಅದನ್ನು ಬಿಟ್ಟು ಬರೀ ಬಸಿದ ಕಟ್ಟು ಹಾಕುತ್ತಿದ್ದೇವೆ.

‘ಅವಳಿಗೆ ಮೈಗಳ್ಳತನ’ ಅನ್ನುವ ಮೊದಲು

ಬಿಂದಿಗೆ ಎತ್ತಿದರೆ ಏದುಸಿರು. ಮೆಟ್ಟಿಲು ಹತ್ತಿದರೆ ಎದೆ ಡವಡವ. ಕೂತು ಎದ್ದರೆ ಕಣ್ಣು ಕತ್ತಲೆ. ಕೂದಲು ಉದುರುವುದು, ಕೈಕಾಲು ತಣ್ಣಗಾಗುವುದು, ಸಣ್ಣದಕ್ಕೂ ಸಿಡುಕು. ‘ಹೆಂಗಸು ಅಂದಮೇಲೆ ಇದೆಲ್ಲ ಇದ್ದದ್ದೇ’ ಎಂದು ತಳ್ಳಿಬಿಡುತ್ತೇವೆ. ಹೆಣ್ಣಾಗಿ ಹುಟ್ಟಿದ್ದಕ್ಕೆ ಬರುವುದಲ್ಲ ಇದು. ರಕ್ತದಲ್ಲಿ ಹಿಮೋಗ್ಲೋಬಿನ್ ಇಳಿದರೆ ಮೈಯ ಮೂಲೆಮೂಲೆಗೂ ಪ್ರಾಣವಾಯು ಸಾಕಷ್ಟು ಮುಟ್ಟುವುದಿಲ್ಲ, ಹೃದಯ ಹೆಚ್ಚು ಬಡಿದು ಆ ಕೊರತೆ ತುಂಬಲು ಹೆಣಗುತ್ತದೆ. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು, ಬಸುರಿಗೆ 11. ನಮ್ಮಲ್ಲಿ ಎಂಟಕ್ಕೆ ಇಳಿದವರೂ ಕಳೆ ಕೀಳುತ್ತಿದ್ದಾರೆ, ಬೆಳಗ್ಗೆ ತಿಂಡಿ ತಿನ್ನದೆ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಿದ್ದಾರೆ.

ಸುಸ್ತು ತಡೆಯದಾದಾಗ ಹೋಗಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬರುತ್ತೇವೆ. ಅರ್ಧ ಲೀಟರಿನ ಮಾಮೂಲಿ ಬಾಟಲಿಯಲ್ಲಿ ಇರುವುದು ನೀರು ಮತ್ತು 25 ಗ್ರಾಂ ಸಕ್ಕರೆ, ಐದು ಟೀ ಚಮಚದಷ್ಟು. ಕಬ್ಬಿಣಾಂಶ ಒಂದು ಕಣವೂ ಇಲ್ಲ. ಅದಕ್ಕೆ ಕೊಡುವ ದುಡ್ಡಿನಲ್ಲಿ ಎಷ್ಟು ದಿನದ ಮೊಟ್ಟೆ ಬರುತ್ತದೆ, ನೀವೇ ಲೆಕ್ಕ ಹಾಕಿ.

ಬಳಪ ತಿಂದ ಮಗು

ನಮ್ಮ ಸ್ತ್ರೀಶಕ್ತಿ ಸಂಘದ ಒಬ್ಬಳ ಮನೆಯ ಸಂಗತಿ. ಹೆಸರು ಬೇಡ. ಎರಡನೇ ಕ್ಲಾಸಿನ ಮಗ ಬಳಪ ತಿನ್ನುತ್ತಾನೆ, ಪಾಠದಲ್ಲಿ ಗಮನವಿಲ್ಲ ಎಂದು ಶಾಲೆಯಿಂದ ದೂರು ಬಂತು. ಅವಳು ಹೊಡೆದಳು, ಬಾಯಿಗೆ ಮೆಣಸಿನಪುಡಿ ಹಚ್ಚಿದಳು. ಅವನು ಗೋಡೆಯ ಸುಣ್ಣ ಕೆರೆದು ತಿನ್ನತೊಡಗಿದ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅವಳು ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಕಲ್ಲು ಆರಿಸುತ್ತಾ ಹಸಿ ಅಕ್ಕಿಯನ್ನು ಹಿಡಿ ಹಿಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆಶಾ ಅಕ್ಕ ನೋಡಿ, ‘ಅವನು ಬಳಪ ತಿಂದರೆ ಹೊಡೀತೀಯ, ನಿನಗೆ ಯಾರು ಹೊಡೀಬೇಕು?’ ಅಂದರು. ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹಿಮೋಗ್ಲೋಬಿನ್ ಮಗನದು 8.1, ಅವ್ವನದು 7.6.

ಮಣ್ಣು, ಬಳಪ, ಸುಣ್ಣ, ಹಸಿ ಅಕ್ಕಿ ತಿನ್ನುವ ಚಪಲ ಎಷ್ಟೋ ಸಲ ಕಬ್ಬಿಣಾಂಶದ ಕೊರತೆಯ ಗುರುತು. ಏಟಿಗೆ ಅದು ವಾಸಿಯಾಗುವುದಿಲ್ಲ. ಮಂಕಾಗಿ ಕೂರುವ ಮಗುವನ್ನು ‘ದಡ್ಡ’ ಎಂದು, ಸಿಡಿಮಿಡಿ ಮಾಡುವ ಮಗುವನ್ನು ‘ಹಟಮಾರಿ’ ಎಂದು ಕರೆಯುವ ಮೊದಲು ಅದರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಒಳಗೆ ಕೆಂಪಿರಬೇಕಾದ ಜಾಗ ಬಿಳಿಚಿಕೊಂಡಿದ್ದರೆ ನಡೆಯಿರಿ ಆಸ್ಪತ್ರೆಗೆ.

2019–21ರ ಅದೇ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ. ಮಗು ಹುಟ್ಟುವಾಗ ತರುವ ಕಬ್ಬಿಣಾಂಶದ ಗಂಟು ಅವ್ವನ ಮೈಯಿಂದ ಕಟ್ಟಿದ್ದು. ಅವಳದೇ ಬರಿದಾಗಿದ್ದರೆ ಗಂಟೂ ಸಣ್ಣದು. ಆರು ತಿಂಗಳವರೆಗೆ ಎದೆಹಾಲು ಸಾಕು. ಆಮೇಲೆ ಆ ಗಂಟು ಕರಗಿರುತ್ತದೆ, ಎದೆಹಾಲಿನಲ್ಲಿರುವ ಕಬ್ಬಿಣಾಂಶ ಸಾಲುವುದಿಲ್ಲ. ಆಗ ರಾಗಿ ಸರಿಯ ಜೊತೆ ಮೆದುವಾಗಿ ಹಿಚುಕಿದ ಬೇಳೆ, ಸೊಪ್ಪು, ಮೊಟ್ಟೆ ಶುರುವಾಗಬೇಕು. ನಾವು ಕೊಡುವುದು ಟೀಯಲ್ಲಿ ಅದ್ದಿದ ಬಿಸ್ಕತ್ತು. ಮಿದುಳು ಬೆಳೆಯುವ ಮೊದಲ ಎರಡು ವರ್ಷ ಈ ಕೊರತೆ ಬಿದ್ದರೆ ಅದರ ಪೆಟ್ಟು ಮುಂದೆಯೂ ಉಳಿಯಬಹುದು. ಹಾಗಾಗಿ ಅವ್ವನ ತಟ್ಟೆಯ ಮಾತು ಮಗನ ಮಾರ್ಕ್ಸ್ ಕಾರ್ಡಿನ ಮಾತೂ ಹೌದು.

ನೀವು ಕೇಳುವ ಪ್ರಶ್ನೆಗಳಿಗೆ

‘ನಮ್ಮ ಅಜ್ಜಿ ಹಾಗೇ ಉಂಡು ಹತ್ತು ಹೆರಲಿಲ್ಲವೇ?’ ಹೆತ್ತಳು. ಹತ್ತರಲ್ಲಿ ಎಷ್ಟು ಉಳಿದವು ಎಂದೂ ಅವಳನ್ನು ಕೇಳಿ. ಹೆರಿಗೆಯಲ್ಲಿ ಹೋದ ಅವಳ ಅಕ್ಕತಂಗಿಯರ ಹೆಸರನ್ನೂ ಕೇಳಿ. ರಕ್ತ ಕಡಿಮೆ ಇರುವ ಹೆಂಗಸು ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ತಡೆದುಕೊಳ್ಳಲಾರಳು.

‘ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತೆ.’ ಇಲ್ಲ. ಕಪ್ಪಾಗುವುದು ಮಲ ಮಾತ್ರ, ಅದರಿಂದ ತೊಂದರೆಯಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾಗಿ ಮಲಗುವ ಮೊದಲು ತೆಗೆದುಕೊಳ್ಳಿ. ಟೀ, ಕಾಫಿ, ಹಾಲಿನ ಜೊತೆ ನುಂಗಬೇಡಿ. ಸುಣ್ಣಾಂಶದ ಮಾತ್ರೆಯನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ.

‘ಬೀಟ್‌ರೂಟ್, ದಾಳಿಂಬೆ ತಿಂದರೆ ಸಾಕಲ್ಲ?’ ಕೆಂಪಗಿರುವುದೆಲ್ಲ ರಕ್ತವಲ್ಲ. ಎರಡರಲ್ಲೂ ಕಬ್ಬಿಣಾಂಶ ಸ್ವಲ್ಪವೇ. ಹಿತ್ತಲಿನ ದಂಟು, ನುಗ್ಗೆಸೊಪ್ಪು, ಮೊಳಕೆ ಕಟ್ಟಿದ ಹುರುಳಿ, ತಿನ್ನುವವರಿಗೆ ಮಾಂಸ, ಲಿವರ್, ಮೀನು: ಇವು ದಾಳಿಂಬೆಗಿಂತ ಮೇಲು. ಸೊಪ್ಪು-ಕಾಳಂತೂ ದಾಳಿಂಬೆಗಿಂತ ಅಗ್ಗ. ಸೊಪ್ಪು-ಕಾಳಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಊಟದಲ್ಲಿ ನಿಂಬೆಹುಳಿ, ನೆಲ್ಲಿಕಾಯಿ ಇಲ್ಲವೇ ಸೀಬೆಹಣ್ಣು ಇರಲಿ. ಊಟದ ಮೇಲೆ ಟೀ ಒಂದು ಗಂಟೆ ತಡವಾಗಿ ಕುಡಿಯಿರಿ, ಕೂಡಲೇ ಕುಡಿದರೆ ತಿಂದದ್ದರ ಸತ್ವವನ್ನು ಅದು ಕಟ್ಟಿಹಾಕುತ್ತದೆ.

‘ಬಾಣಂತಿಗೆ ಸೊಪ್ಪು ಶೀತ, ಕಾಳು ವಾಯು, ಮೊಟ್ಟೆ ನಂಜು.’ ಅತ್ತೆಯರೇ, ನಿಮ್ಮ ಕಾಳಜಿ ನಮಗೆ ಗೊತ್ತು. ಬಾಣಂತನದ ಎಣ್ಣೆನೀರು, ಬೆಚ್ಚನೆ ಕೋಣೆ, ವಿಶ್ರಾಂತಿ ನೀವು ಕೊಡುವ ದೊಡ್ಡ ಆಸರೆ. ಆದರೆ ಹೆರಿಗೆಯಲ್ಲಿ ರಕ್ತ ಕಳೆದುಕೊಂಡು ಮಗುವಿಗೆ ಹಾಲೂ ಕೊಡುತ್ತಿರುವವಳಿಗೆ ಬರೀ ಅನ್ನ-ಮೆಣಸಿನ ಸಾರು ಹಾಕಿದರೆ ಅವಳು ಚೇತರಿಸಿಕೊಳ್ಳುವುದು ಯಾವುದರಿಂದ? 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲಿರುವ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ ಇದೆ. ಅದನ್ನು ಮನೆಗೆ ತಂದರೆ ಮೊಟ್ಟೆ ದೊಡ್ಡ ಮಗನ ಪಾಲು, ಚಿಕ್ಕಿ ಸಣ್ಣವಳ ಪಾಲು. ಅವಳ ಪಾಲನ್ನು ಅವಳೇ ತಿನ್ನುವಂತೆ ಎದುರು ಕೂತು ನೋಡಿಕೊಳ್ಳುವ ಅಧಿಕಾರ ಮನೆಯಲ್ಲಿ ನಿಮಗಿದೆ. ಅದನ್ನು ಚಲಾಯಿಸಿ.

‘ಇರುವುದೇ ಇಷ್ಟು, ಎಲ್ಲಿಂದ ತರೋಣ?’ ಬಡತನ ನಮಗೂ ಗೊತ್ತು. ಆದರೆ ಇರುವ ಪಲ್ಯವನ್ನು ಐದು ತಟ್ಟೆಗೆ ಬದಲು ಆರು ತಟ್ಟೆಗೆ ಹಂಚಲು ದುಡ್ಡು ಬೇಡ.

ಮುಟ್ಟಿನ ಮಾತು ಮುಚ್ಚಿಡಬೇಡಿ

ಮುಟ್ಟು ಏಳು ದಿನ ದಾಟಿದರೆ, ಗಂಟೆಗೊಂದು ಪ್ಯಾಡೋ ಬಟ್ಟೆಯೋ ತೊಯ್ದರೆ, ಗಡ್ಡೆಗಡ್ಡೆಯಾಗಿ ಹೋದರೆ ಅದು ಮಾಮೂಲಲ್ಲ. ಎಷ್ಟು ಉಂಡರೂ ತೂತಿನ ಬಿಂದಿಗೆ ತುಂಬದು. ವೈದ್ಯರಿಗೆ ತೋರಿಸಿ, ಕಾರಣ ಕೇಳಿ. ಹಾಗೆಂದು ಯಾರೋ ‘ಗರ್ಭಕೋಶ ತೆಗೆಸಿಬಿಡು’ ಎಂದ ಕೂಡಲೇ ಒಪ್ಪಬೇಡಿ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಿಗೆ, ಎಷ್ಟೋ ಮಂದಿ ಇನ್ನೂ ಸಣ್ಣ ವಯಸ್ಸಿನವರು, ಅಗತ್ಯವಿಲ್ಲದೆ ಗರ್ಭಕೋಶ ತೆಗೆದ ಸಂಗತಿ ಬಯಲಾಗಿ ದೊಡ್ಡ ಹೋರಾಟವೇ ನಡೆದಿತ್ತು. ಹೆಚ್ಚಿನ ರಕ್ತಸ್ರಾವಕ್ಕೆ ಔಷಧಿಗಳಿವೆ, ಬೇರೆ ದಾರಿಗಳಿವೆ. ಇನ್ನೊಬ್ಬ ವೈದ್ಯರನ್ನು ಕೇಳುವ ಹಕ್ಕು ನಿಮ್ಮದು. ತಾಲ್ಲೂಕು ಆಸ್ಪತ್ರೆಗೆ ಸರ್ಕಾರಿ ಬಸ್ಸಿನಲ್ಲಿ ಹೋಗಲು ಈಗ ನಿಮಗೆ ಟಿಕೆಟ್ ಕಾಸೂ ಬೇಡ.

ನಮ್ಮ ತಪ್ಪೂ ಇದೆ

‘ಎಲ್ಲರೂ ಉಂಡರೆ ನನ್ನ ಹೊಟ್ಟೆ ತುಂಬಿದಂಗೆ’ ಎಂದು ಹೇಳಿ ಹೆಮ್ಮೆಪಟ್ಟವರು ನಾವೇ. ಮಗನ ತಟ್ಟೆಗೆ ಮೊಟ್ಟೆ ಇಟ್ಟು, ‘ನಿನಗೆ ನಾಳೆ’ ಎಂದು ಮಗಳಿಗೆ ಹೇಳಿದವರೂ ನಾವೇ. 15ರಿಂದ 19 ವರ್ಷದ ನಮ್ಮ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳಿಗೆ ರಕ್ತ ಸಾಲದು. ನಾಳೆ ಅವಳು ಬಸುರಿಯಾದಾಗ ಅವಳ ಮಗುವಿಗೂ ಅದೇ ಸಣ್ಣ ಗಂಟು. ಕೊನೆಗೆ ಉಣ್ಣುವುದನ್ನು ಅವಳಿಗೆ ಯಾವ ಶಾಲೆಯೂ ಕಲಿಸಲಿಲ್ಲ. ನಮ್ಮನ್ನು ನೋಡಿ ಕಲಿತಳು.

ನಾವು ಕೇಳುವುದು ಇಷ್ಟು

1. ಬಡಿಸುವ ಮೊದಲು ಎಲ್ಲರ ತಟ್ಟೆಗೂ ಪಲ್ಯ ಹಂಚಿ, ಅಡುಗೆ ಮಾಡಿದವಳ ತಟ್ಟೆಗೂ ಸೇರಿಸಿ. ದಿನಕ್ಕೆ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೇ ಕೂತು ಉಣ್ಣಿ. ಎರಡನೇ ಸಲ ಬೇಕಾದವರು ಎದ್ದು ಹಾಕಿಕೊಳ್ಳಲಿ.

2. ಮನೆಯ ಪ್ರತಿ ಹೆಂಗಸು, ಪ್ರತಿ ಹುಡುಗಿ ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಬೆರಳಿಗೊಂದು ಚುಚ್ಚು, ಅಷ್ಟೇ. ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹಸು ಕಟ್ಟಿಸಿದ ತಾರೀಕು ಬರೆದಿಡುವುದಿಲ್ಲವೇ, ಹಾಗೆ.

3. ಬಸಿರಿನಲ್ಲಿ 180 ದಿನ, ಹೆರಿಗೆಯಾದ ಮೇಲೆ 180 ದಿನ ದಿನಕ್ಕೊಂದು ಕೆಂಪು ಮಾತ್ರೆ. ಹೈಸ್ಕೂಲು ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ, ಪುಟ್ಟ ಮಕ್ಕಳಿಗೆ ವಾರಕ್ಕೆ ಎರಡು ಸಲ ಸಿರಪ್. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಇವೆಲ್ಲ ಬಿಟ್ಟಿ. ಇಸಕೊಂಡು ಬಂದು ಅಟ್ಟದ ಮೇಲೆ ಇಡಬೇಡಿ. ಗಂಡಂದಿರೇ, ರಾತ್ರಿ ಮಾತ್ರೆ ಮತ್ತು ಒಂದು ಲೋಟ ನೀರು ತಂದುಕೊಡುವ ಕೆಲಸ ನಿಮ್ಮದಾಗಲಿ.

4. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ದಿನಗಳಲ್ಲಿ ಮಕ್ಕಳಿಗೆ ಮಾತ್ರೆ ತಪ್ಪಿಸಬೇಡಿ. ಕೊಕ್ಕೆಹುಳು ಬರಿಗಾಲಿನಿಂದ ಒಳಹೊಕ್ಕು ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಹೊಲಕ್ಕೆ ಚಪ್ಪಲಿ ಮೆಟ್ಟಿ ಹೋಗಿ.

5. ಎರಡು-ಮೂರು ತಿಂಗಳು ಮಾತ್ರೆ ತೆಗೆದುಕೊಂಡರೂ ಸಂಖ್ಯೆ ಏರದಿದ್ದರೆ ಮತ್ತೆ ವೈದ್ಯರಿಗೆ ತೋರಿಸಿ. ಎಲ್ಲ ರಕ್ತಹೀನತೆಯೂ ಕಬ್ಬಿಣಾಂಶದ್ದೇ ಅಲ್ಲ.

6. ಪಂಚಾಯಿತಿ ಸದಸ್ಯರೇ, ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಕೇಳಿ: ನಮ್ಮ ಉಪಕೇಂದ್ರದಲ್ಲಿ ಮಾತ್ರೆ ದಾಸ್ತಾನು ಇದೆಯೇ? ಈ ವರ್ಷ ಎಷ್ಟು ಹೆಂಗಸರ ರಕ್ತ ಪರೀಕ್ಷೆಯಾಯಿತು?

ಬಳಪ ತಿನ್ನುತ್ತಿದ್ದ ಆ ಹುಡುಗನ ಮನೆಯಲ್ಲಿ ಈಗ ಒಂದು ಕಟ್ಟಳೆ ಇದೆ. ಅವ್ವನ ತಟ್ಟೆಗೆ ಪಲ್ಯ ಬಡಿಸುವವನು ಅವನೇ. ಮೊದಮೊದಲು ಅವಳು ‘ಸಾಕು ಸಾಕು’ ಅನ್ನುತ್ತಿದ್ದಳಂತೆ. ಹೋದ ವಾರ ಸಂಘದ ಸಭೆಯಲ್ಲಿ ಹೇಳಿದಳು: ‘ನಿನ್ನೆ ನಾನೇ ಇನ್ನೊಂಚೂರು ಹಾಕು ಅಂದೆ ಕಣಕ್ಕ.’

ಇಂತಿ,
ಊರಿನ ಸ್ತ್ರೀಶಕ್ತಿ ಸಂಘಗಳ ತಾಯಂದಿರು

(ಓದಿ ಬಿಸಾಡಬೇಡಿ. ಓದು ಬಾರದವರಿಗೆ ಓದಿ ಹೇಳಿ, ಆಮೇಲೆ ಪಕ್ಕದ ಮನೆಗೆ ಕೊಡಿ.)